ಬೆಂಕಿಕಡ್ಡಿಯಗಲದ ತೊಗಟೆ

ಭಾನುವಾರ ಬೆಳಗ್ಗೆ ಹತ್ತು ಹೊಡೆಯಿತೆಂದರೆ ಆ ಬೀದಿಯಲ್ಲಿ ಒಂದು ಮರ ಗಾಡಿಯೇರಿ ಸವಾರಿ ಹೊರಡುತ್ತಿತ್ತು. ಈ ವಾರ ಗಡಿಯಾರದ ಅಂಗಡಿಯಿಂದ ಹೊಲಿಗೆಯವಳ ಮನೆಗೆ, ಮುಂದಿನ ವಾರ ಹೊಲಿಗೆಯವಳ ಮನೆಯಿಂದ ಗಡಿಯಾರದ ಅಂಗಡಿಗೆ. ಹನ್ನೊಂದು ವರ್ಷದಲ್ಲಿ ಮಳೆಗೂ ನೆಗಡಿಗೂ ಈ ನೇಮ ತಪ್ಪಿರಲಿಲ್ಲ. ಗಾಡಿಯೆಂದರೆ ಎತ್ತಿನ ಗಾಡಿಯೂ ಅಲ್ಲ, ಕುದುರೆ ಗಾಡಿಯೂ ಅಲ್ಲ. ಕೂಸನ್ನು ಮಲಗಿಸಿ ತಳ್ಳುವ ನಾಲ್ಕು ಚಕ್ರದ ಹಳೇ ಗಾಡಿ. ಮರವೂ ಕಥೆಗಳಲ್ಲಿ ಬರುವಂತೆ ಆಕಾಶ ಮುಟ್ಟುವ ಮರವಲ್ಲ. ಮೊಳದುದ್ದದ, ತಟ್ಟೆಯಂಥ ಕುಂಡದಲ್ಲಿ ಕೂತ, ಅತ್ತಿಯ ಜಾತಿಗೆ ಸೇರಿದ, ಹೆಬ್ಬೆರಳ ಉಗುರಿನಷ್ಟು ಎಲೆಯ ಬೋನ್ಸಾಯ್. ಆದರೆ ದೊಡ್ಡ ಮರಕ್ಕೆ ಇರುವುದೆಲ್ಲ ಅದಕ್ಕೂ ಇತ್ತು: ಬಾಗಿದ ಬೆನ್ನು, ಸುಕ್ಕುಗಟ್ಟಿದ ತೊಗಟೆ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಂತಿದ್ದ ಬೇರು, ಮತ್ತು ತನ್ನದೇ ಒಂದು ಹಟ.

ಬಿಸಿಲು ಬೀಳದಿರಲೆಂದು ಗಾಡಿಯ ಮುಚ್ಚಿಗೆಯನ್ನು ಇಳಿಸಿರುತ್ತಿದ್ದರು. ಬೀದಿಗೆ ಹೊಸಬರಾದ ಹೆಂಗಸರು ಎದುರಾದರೆ ನಿಂತೇ ನಿಲ್ಲುತ್ತಿದ್ದರು.

"ಅಯ್ಯೋ ನಮ್ಮ ಚಿನ್ನ! ಎಷ್ಟು ತಿಂಗಳು?"

"ನಲವತ್ತೆರಡು ವರ್ಷ," ಎನ್ನುತ್ತಿದ್ದಳು ಗಡಿಯಾರದ ಅಂಗಡಿಯ ಅಕ್ಕ, ಮುಖದ ಒಂದು ಗೆರೆಯೂ ಅಲುಗದಂತೆ. "ಇನ್ನೂ ನಡೆಯೋಕೆ ಕಲಿತಿಲ್ಲ ನೋಡಿ."

ಈ ಮರವನ್ನು ನೆಟ್ಟವನು ಅಪ್ಪ. ಗಡಿಯಾರ ರಿಪೇರಿಯ ಅಪ್ಪ. ಎರಡನೇ ಮಗಳು ಹುಟ್ಟಿದ ಮರುವರ್ಷ ಎಲ್ಲಿಂದಲೋ ಬೆರಳುದ್ದದ ಒಂದು ಕಡ್ಡಿ ತಂದು, ಚಹಾ ಬಟ್ಟಲಿನಲ್ಲಿ ಊರಿ, "ನೋಡ್ರೇ, ನಿಮ್ಮಿಬ್ಬರಿಗೂ ಇವನೇ ತಮ್ಮ," ಅಂದಿದ್ದ. ಅಂದಿನಿಂದ ಅದರ ಹೆಸರು ತಮ್ಮ. ತಮ್ಮನಿಗೆ ನೀರು ಹಾಕಿದ್ಯಾ, ತಮ್ಮ ಬಾಡಿದ್ದಾನೆ ನೋಡು, ತಮ್ಮನ ತಲೆಕೂದಲು ಕತ್ತರಿಸಬೇಕು. ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವ ಹಾಗೆ ಅಪ್ಪನ ಪ್ರಾಣ ಆ ತಟ್ಟೆಯಲ್ಲಿತ್ತು. ಬುಡದ ಹತ್ತಿರ ತೊಗಟೆಯ ಮೇಲೆ ಸುರುಳಿ ಸುರುಳಿಯಾಗಿ ಒಂದು ಕಲೆ ಇತ್ತು. ಬಾಗಿಸಲೆಂದು ತಂತಿ ಸುತ್ತಿದ ಅಪ್ಪ ಅದನ್ನು ಬಿಚ್ಚಲು ಮರೆತಿದ್ದ. ಆ ಕಲೆಗಿಂತ ಮೇಲೆ, ಎಲ್ಲ ಕೊಂಬೆಗಳಿಗಿಂತ ಕೆಳಗಿನದು ಅಂಗಡಿಯ ಬಾಗಿಲ ಕಡೆಗೆ ಕೈ ಚಾಚಿತ್ತು. ಅದು ಮಾತ್ರ ಅಪ್ಪ ಮರೆಯದೆ ಮಾಡಿದ ಕೆಲಸ. "ಬಂದವರಿಗೆ ಬನ್ನಿ ಅನ್ನೋಕೆ ಒಬ್ಬ ಬೇಕಲ್ಲ."

ಅಪ್ಪ ಹೋದಾಗ ತಮ್ಮ ಯಾರ ಪಾಲಿಗೆ ಎಂದು ಹೇಳಿ ಹೋಗಿರಲಿಲ್ಲ. ಇಬ್ಬರೂ "ನನ್ನದು" ಅಂದರು. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಅಟ್ಟ ಗುಡಿಸುವಾಗ ಇಬ್ಬರನ್ನೂ ಅಪ್ಪ ತಳ್ಳುತ್ತಿದ್ದ ಆ ಕೂಸಿನ ಗಾಡಿ ಸಿಕ್ಕಿತು. ಅದನ್ನು ಕಂಡು ಮೊದಲು ನಕ್ಕವಳು ತಂಗಿ. ಭಾನುವಾರದ ಸವಾರಿ ಶುರುವಾದದ್ದು ಹಾಗೆ.

ಅಕ್ಕ ಅಪ್ಪನ ಅಂಗಡಿಯನ್ನು, ಅಪ್ಪನ ಚಿಮುಟಗಳನ್ನು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅಪ್ಪನ ಭೂತಗನ್ನಡಿಯನ್ನು ಉಳಿಸಿಕೊಂಡಿದ್ದಳು. ಅಂಗಡಿಯ ಹಿಂದಿನ ಎರಡು ಕೋಣೆ ಅವಳ ಮನೆ. ನಲವತ್ತೆಂಟು ವಯಸ್ಸು, ಒಂಟಿ ಜೀವ, ಆದರೆ ಗೋಡೆ ತುಂಬ ಟಿಕ್ ಟಿಕ್ ಎನ್ನುವವರಿರುವಾಗ ಒಂಟಿ ಅನ್ನುವುದಾದರೂ ಹೇಗೆ? ತಂಗಿ ಎರಡು ಬೀದಿಯಾಚೆ, ಬ್ರೆಡ್ಡು ಬೇಯಿಸುವ ಗಂಡನೊಂದಿಗೆ ಇದ್ದಳು. ಕೋಟು, ಪರದೆ, ಶಾಲೆಯ ಸಮವಸ್ತ್ರ, ಏನು ಕೊಟ್ಟರೂ ಹೊಲಿಯುತ್ತಿದ್ದಳು. ಅಪ್ಪ ಇಬ್ಬರಿಗೂ ಅಡ್ಡಹೆಸರಿಟ್ಟಿದ್ದ. ದೊಡ್ಡವಳು ಕೀಲಿ, ಚಿಕ್ಕವಳು ಕತ್ತರಿ. ದೊಡ್ಡವಳು ನಿಂತದ್ದನ್ನು ನಡೆಸುವವಳು, ಚಿಕ್ಕವಳು ಕತ್ತರಿಸಿ ಹೊಸದು ಮಾಡುವವಳು.

ಹನ್ನೊಂದನೇ ವರ್ಷದ ಒಂದು ಭಾನುವಾರ ಕತ್ತರಿ ಗಾಡಿ ತಳ್ಳಿಕೊಂಡು ಬಂದಳು. ಹಿಂದೆ ಗಂಡ, ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. ಗಂಡ ಜೊತೆಗೆ ಬಂದದ್ದು ಕಂಡೇ ಅಕ್ಕನಿಗೆ ಏನೋ ಇದೆ ಅನ್ನಿಸಿತು.

"ಅಕ್ಕಾ, ಒಂದು ಮಾತು. ಬೈಬಾರದು."

"ಬೈಯೋ ಮಾತಾದ್ರೆ ಬೈತೀನಿ. ಹೇಳು."

"ಹೋದ ವರ್ಷ ಆ ನಾಟಕದ ಕಂಪನಿಯವರಿಗೆ ರಾಜನ ನಿಲುವಂಗಿ ಹೊಲಿದುಕೊಟ್ಟಿದ್ನಲ್ಲ... ಅವರು ಕರೆದಿದಾರೆ. ಬಟ್ಟೆ ಕೋಣೆ ಪೂರ್ತಿ ನನ್ನ ಕೈಗೆ ಕೊಡ್ತಾರಂತೆ. ಆರು ಜನ ನನ್ನ ಕೆಳಗೆ. ರಾಜ, ಮಂತ್ರಿ, ಕಳ್ಳ, ಮಾಟಗಾತಿ, ಎಲ್ಲರಿಗೂ ನಾನೇ ಅಳತೆ ತಗೋಬೇಕು."

"ಎಲ್ಲಿ?"

"ರೈಲಲ್ಲಿ ಎಂಟು ಗಂಟೆ."

ಗೋಡೆಯ ಗಡಿಯಾರಗಳೆಲ್ಲ ಆ ಹೊತ್ತಿಗೇ ಜೋರಾಗಿ ಮಾತಾಡಿಕೊಂಡವು. ಅಕ್ಕ ಬೈಯಲಿಲ್ಲ. ತಂಗಿಯ ಕೆನ್ನೆ ಹಿಂಡಿ, "ಕಳ್ಳಿ! ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದೆಯಾ?" ಅಂದಳು. ಸಂತೋಷ ಸುಳ್ಳಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಸೆರಗು ಕತ್ತರಿಸಿ ಬೊಂಬೆಗೆ ರಾಣಿಯ ಅಂಗಿ ಮಾಡಿದವಳು ಇವಳೇ ತಾನೆ.

"ಯಾವಾಗ?"

"ಮೂರು ತಿಂಗಳು ಬಿಟ್ಟು. ಇವರಿಗೇನು, ಒಲೆ ಎಲ್ಲಿದ್ರೂ ಆಯ್ತು."

"ಒಲೆ ಎಲ್ಲ ಊರಲ್ಲೂ ಬಿಸೀನೇ ಇರುತ್ತೆ ಅತ್ತಿಗೆ," ಅಂದ ಗಂಡ.

ಆಮೇಲೆ ಮೂವರ ಕಣ್ಣೂ ಗಾಡಿಯೊಳಗೆ ಹೋಯಿತು. ಎಂಟು ಗಂಟೆಯ ರೈಲಿನಾಚೆಗೆ ವಾರಕ್ಕೊಮ್ಮೆ ತಳ್ಳಿಕೊಂಡು ಹೋಗುವ ಗಾಡಿ ಲೋಕದಲ್ಲಿ ಇಲ್ಲ.

"ತಮ್ಮನ್ನ ನೀನೇ ಇಟ್ಕೋ," ಅಂದಳು ತಂಗಿ.

"ಛೇ, ನೀನೇ ತಗೊಂಡ್ಹೋಗು. ಹೊಸ ಊರಲ್ಲಿ ನಿಂಗೆ ಯಾರಿದಾರೆ?"

ಬಾಯಿ ಹಾಗಂದಿತು. ಆದರೆ ಅಕ್ಕನ ಕೈ ಕುಂಡದ ಈ ಅಂಚಿನಲ್ಲಿತ್ತು, ತಂಗಿಯ ಕೈ ಆ ಅಂಚಿನಲ್ಲಿ. ಇಬ್ಬರೂ ಬಿಡಲಿಲ್ಲ. ಮೂರು ದಿನ ಮಾತು ಬಿಟ್ಟದ್ದು ಇಬ್ಬರಿಗೂ ನೆನಪಿತ್ತು. ಈಗ ಮಾತು ಬಿಟ್ಟರೆ ಅಟ್ಟದಲ್ಲಿ ಇನ್ನೊಂದು ಗಾಡಿ ಇರಲಿಲ್ಲ.

"ಅರ್ಧ ಅರ್ಧ ಕೊಯ್ಕೊಳ್ಳಿ, ಬ್ರೆಡ್ಡಿನ ಹಾಗೆ," ಅಂದ ಗಂಡ. ಇಬ್ಬರೂ ಅವನನ್ನು ಸುಟ್ಟುಬಿಡುವಂತೆ ನೋಡಿದರು.

ನರ್ಸರಿಯ ಮಣ್ಣಜ್ಜ ಮಾತ್ರ ಹಾಗೆ ನೋಡಲಿಲ್ಲ. ಮಣ್ಣಜ್ಜ ಎಂದರೆ ಊರಾಚೆ ಗಿಡ ಮಾರುವ ಮುದುಕ. ಉಗುರಿನ ಸಂದಿಯಲ್ಲಿ ಮಣ್ಣಿಲ್ಲದ ದಿನ ಅವನನ್ನು ಯಾರೂ ಕಂಡಿರಲಿಲ್ಲ. ಅಕ್ಕ ತಂಗಿ ಇಬ್ಬರೂ ಗಾಡಿ ತಳ್ಳಿಕೊಂಡು ಹೋಗಿ ಸಂಗತಿ ಹೇಳಿದಾಗ ಅವನು ಬೊಚ್ಚುಬಾಯಿ ಬಿಟ್ಟು ನಕ್ಕ.

"ಬ್ರೆಡ್ಡಿನವನೇ ಜಾಣ ಕಣ್ರಮ್ಮ. ಒಂದನ್ನ ಎರಡು ಮಾಡಬಹುದು. ಗೂಟಿ ಕಟ್ಟೋದು ಅಂತಾರೆ."

ಅವನು ಕಡ್ಡಿಯ ತುದಿಯಿಂದ ಕಾಂಡದ ಮೇಲೆ ತೋರಿಸಿದ. ತಂತಿಯ ಕಲೆಗಿಂತ ಮೇಲೆ, ಬಾಗಿಲಿಗೆ ಕೈ ಚಾಚಿದ ಕೊಂಬೆಗಿಂತ ಕೆಳಗೆ. ಅಲ್ಲಿ ಎರಡು ಬೆರಳಗಲ ತೊಗಟೆಯನ್ನು ಬಳೆಯ ಹಾಗೆ ಸುತ್ತಲೂ ತೆಗೆಯಬೇಕು. ಬೇರು ಬರಿಸುವ ಪುಡಿ ಸವರಿ, ನೆನೆಸಿದ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಕಟ್ಟಬೇಕು. ಆರು ವಾರ, ಎಂಟು ವಾರ. ಬಳೆಯ ಮೇಲಂಚಿನಿಂದ ಬೇರು ಇಳಿಯುತ್ತದೆ. ಆಮೇಲೆ ಅದರ ಕೆಳಗೆ ಕತ್ತರಿಸಿದರೆ ಮೇಲಿನದು ಒಂದು ಮರ, ಕೆಳಗಿನದು ಇನ್ನೊಂದು.

"ತೊಗಟೆ ಸುಲಿದ್ರೆ ಸಾಯಲ್ವಾ ಅಜ್ಜ?" ಅಕ್ಕ ಕೇಳಿದಳು.

"ಬೇರು ಕಳಿಸೋ ನೀರು ಒಳಗಿನ ಕಟ್ಟಿಗೇಲಿ ಮೇಲೆ ಹೋಗುತ್ತೆ, ಅದಕ್ಕೇನೂ ಆಗಲ್ಲ. ಎಲೆ ಬೇಯಿಸಿದ ಅಡುಗೆ ಮಾತ್ರ ತೊಗಟೇಲಿ ಕೆಳಗಿಳಿಯುತ್ತೆ. ತೊಗಟೆ ಇಲ್ಲ ಅಂದ್ರೆ ಅಡುಗೆ ಅಲ್ಲೇ ನಿಲ್ಲುತ್ತೆ. ಮರ ನೋಡುತ್ತೆ, ನೋಡುತ್ತೆ, ಕೆಳಗೆ ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಅಲ್ಲೇ ಬೇರು ಬಿಡುತ್ತೆ. ಪೂರ್ತಿ ತೆಗೀಬೇಕು, ತಿಳೀತಾ? ಒಂದು ಎಳೆ ಉಳಿದ್ರೂ ಅದಕ್ಕೆ ದಾರಿ ಸಿಕ್ಕಿಬಿಡುತ್ತೆ."

"ತಿಳೀತು," ಅಂದಳು ಅಕ್ಕ.

ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಂಗಡಿಯ ಮೇಜಿನ ಮೇಲಿದ್ದ ಸ್ಪ್ರಿಂಗು, ತಿರುಪು, ಮುಳ್ಳುಗಳನ್ನೆಲ್ಲ ಸರಿಸಿ ತಮ್ಮನನ್ನು ಕೂರಿಸಿದರು. ತಂಗಿ ಕತ್ತರಿಸುತ್ತೇನೆಂದಳು. ಅಕ್ಕ ಬಿಡಲಿಲ್ಲ. "ನಿನ್ನ ಕೈ ಗಜಗಟ್ಟಲೆ ಬಟ್ಟೆಗೆ ಸರಿ. ಇದು ಸಣ್ಣ ಕೆಲಸ. ನೀನು ಕುಂಡ ಹಿಡಿ." ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಗಡಿಯಾರದ ಪಟ್ಟಿ ಕೊಯ್ಯುವ ತೆಳ್ಳನೆಯ ಬ್ಲೇಡು ಹಿಡಿದಳು.

ಮೊದಲ ಗೆರೆ ಎಳೆದ ಕೂಡಲೇ ಹಾಲು ಬಂತು. ಅತ್ತಿಯ ಜಾತಿಯೇ ಹಾಗೆ, ಗೀರಿದರೆ ಬಿಳಿ ಹಾಲು. ಅಕ್ಕನಿಗೆ ಗೊತ್ತಿತ್ತು, ಎಲೆ ಕತ್ತರಿಸುವಾಗ ಎಷ್ಟೋ ಸಲ ಕಂಡಿದ್ದಳು. ಆದರೆ ಭೂತಗನ್ನಡಿಯಲ್ಲಿ ಹನಿಯೊಂದು ಹಂಡೆಯಷ್ಟು ದೊಡ್ಡದಾಗಿ ತೊಟ್ಟಿಕ್ಕುವುದನ್ನು ಕಂಡಿರಲಿಲ್ಲ. ಅಪ್ಪ ಕಲಿಸಿದ ಮೊದಲ ಪಾಠ ಕಿವಿಯಲ್ಲಿ ಕೂಗಿತು: ನಡೀತಿರೋ ಗಡಿಯಾರದ ಹೊಟ್ಟೆಗೆ ಕೈ ಹಾಕಬೇಡ. ಮುಂದೆ ಸುಲಿದಳು, ಎಡಕ್ಕೆ ಸುಲಿದಳು, ಬಲಕ್ಕೆ ಸುಲಿದಳು. ಹಿಂಬದಿಗೆ, ತಂಗಿಯ ಕಣ್ಣಿಗೆ ಬೀಳದ ಕಡೆಗೆ ಬಂದಾಗ ಬ್ಲೇಡು ನಿಂತಿತು. ಒಂದು ಬೆಂಕಿಕಡ್ಡಿಯಷ್ಟು ಅಗಲದ ತೊಗಟೆ. ಇದೊಂದಿದ್ದರೆ ಏನಾದೀತು? ಬೇರು ಬಂದರೆ ಬರಲಿ, ಬರದಿದ್ದರೆ ತಮ್ಮ ಉಪವಾಸ ಸಾಯುವುದು ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಆಯ್ತಾ?" ತಂಗಿ ಕೇಳಿದಳು.

"ಆಯ್ತು. ಪಾಚಿ ಕೊಡು."

ಆಮೇಲಿನ ಒಂಬತ್ತು ವಾರ ತಮ್ಮ ಹೊಟ್ಟೆಗೆ ಪಟ್ಟಿ ಸುತ್ತಿಸಿಕೊಂಡ ರೋಗಿಯ ಹಾಗೆ ಗಾಡಿಯಲ್ಲಿ ಆಚೀಚೆ ಓಡಾಡಿದ. ಎಲೆಗಳು ಹಸಿರಾಗಿಯೇ ಇದ್ದವು, ಚೂರೂ ಮುನಿಸಿರಲಿಲ್ಲ. "ನೋಡು, ಎಷ್ಟು ಚೆನ್ನಾಗಿದಾನೆ!" ಎಂದು ತಂಗಿ ಕುಣಿದಾಡಿದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ನೀಲಿ ಬಣ್ಣದ ಹೊಸ ಕುಂಡವೊಂದನ್ನೂ ಕೊಂಡಳು. ಅಕ್ಕ ಹೂಂಗುಟ್ಟಿದಳು. ಇಷ್ಟು ಚೆನ್ನಾಗಿರುವುದು ಯಾಕೆ ಎಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಅದೇ ವಾರಗಳಲ್ಲಿ ತಂಗಿಯ ಮನೆ ಖಾಲಿಯಾಗತೊಡಗಿತು. ಹಳೆಯ ಕಾಲಿನ ಹೊಲಿಗೆ ಯಂತ್ರವನ್ನು ಏನು ಮಾಡುವುದೆಂಬ ಮಾತು ಬಂದಾಗ ಅಕ್ಕ, "ನನ್ನ ಅಂಗಡಿ ಕಿಟಕಿ ಹತ್ರ ಇಡು," ಅಂದಳು. "ಬೆಳಕು ಚೆನ್ನಾಗಿ ಬೀಳುತ್ತೆ. ನಾಟಕದವರ ಜೊತೆ ಸರಿಹೋಗದಿದ್ರೆ ಬಂದು ಕೂತು ತುಳೀಬಹುದು."

"ನಾನು ಇನ್ನೂ ಹೋಗೇ ಇಲ್ಲ, ನೀನು ವಾಪಸ್ ಬರೋ ದಾರಿ ಗುಡಿಸ್ತಿದೀಯಲ್ಲೇ!" ಎಂದು ತಂಗಿ ನಕ್ಕಳು. ಯಂತ್ರ ಕಿಟಕಿಯ ಹತ್ತಿರ ಬಂದು ಕೂತಿತು.

ಒಂಬತ್ತನೇ ವಾರ ಮಣ್ಣಜ್ಜನ ಮುಂದೆ ಪಟ್ಟಿ ಬಿಚ್ಚಿದರು. ಪಾಚಿ ಎಳೆ ಎಳೆಯಾಗಿ ಬಂತು. ಒಳಗೆ ಬೇರಿನ ಹೆಸರಿಲ್ಲ. ಬಳೆಯ ಮೇಲಂಚು ತುಟಿ ಊದಿದಂತೆ ಊದಿಕೊಂಡಿತ್ತು, ಅಷ್ಟೇ. ಮಣ್ಣಜ್ಜ ಕುಂಡವನ್ನು ಮೆಲ್ಲಗೆ ತಿರುಗಿಸಿದ. ಹಿಂಬದಿಯಲ್ಲಿ ಬೆಂಕಿಕಡ್ಡಿ ಹೋಗಿ ಹೆಬ್ಬೆರಳಾಗಿತ್ತು; ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ದಪ್ಪನೆಯ ಹಸಿರು ಸೇತುವೆ ಕಟ್ಟಿಕೊಂಡಿತ್ತು.

"ಇದು ಯಾರ ಕರುಣೆ?" ಮಣ್ಣಜ್ಜ ಕೇಳಿದ.

ಅಕ್ಕ ಬಿಚ್ಚಿದ ಪಾಚಿಯನ್ನು ಒಂದೆಡೆ ಗುಡ್ಡೆ ಮಾಡತೊಡಗಿದಳು.

"ನನ್ನದೇ ತಪ್ಪು ಅಜ್ಜ," ಅಂದಳು ತಂಗಿ. "ಕುಂಡ ಹಿಡ್ಕೊಂಡಿದ್ದವಳು ನಾನು. ಅಲುಗಾಡಿರಬೇಕು. ಅದಕ್ಕೇ ಅಕ್ಕನ ಬ್ಲೇಡು ತಪ್ಪಿದೆ. ಅವಳ ಕೈ ತಪ್ಪೋ ಕೈಯಲ್ಲ."

"ಹೂಂ," ಅಂದ ಮಣ್ಣಜ್ಜ, ಯಾರ ಮುಖವನ್ನೂ ನೋಡದೆ. "ಮತ್ತೆ ಕಟ್ಟಿ. ಮೊದಲಿಂದ ಆರು ಎಂಟು ವಾರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

ಹೊರಡಲು ಉಳಿದಿದ್ದದ್ದು ಮೂರು ವಾರ.

ದಾರಿಯುದ್ದಕ್ಕೂ ತಂಗಿ ಮಾತಾಡುತ್ತಲೇ ಇದ್ದಳು. ಪರವಾಗಿಲ್ಲ ಅಕ್ಕಾ, ತಮ್ಮ ನಿನ್ನ ಹತ್ರಾನೇ ಇರಲಿ, ನೀಲಿ ಕುಂಡದಲ್ಲಿ ಏನಾದ್ರೂ ಹೂವಿನ ಗಿಡ ಹಾಕ್ಕೋತೀನಿ, ನನ್ನ ಕೈ ನಡುಗದೇ ಇದ್ದಿದ್ರೆ... ಗಾಡಿಯ ಒಂದು ಚಕ್ರ ಕಿರ್ ಕಿರ್ ಅನ್ನುತ್ತಿತ್ತು. ಅಕ್ಕ ಹತ್ತು ಹೆಜ್ಜೆ ತಡೆದಳು, ಇಪ್ಪತ್ತು ಹೆಜ್ಜೆ ತಡೆದಳು. ದಾರಿ ದಾಟುವ ಕಡೆ, ಗಾಡಿಯ ಮುಂದಿನ ಚಕ್ರ ರಸ್ತೆಗಿಳಿದಿದ್ದಾಗ, ಬಾಯಿ ತಾನೇ ತೆರೆಯಿತು.

"ನಿನ್ನ ಕೈ ನಡುಗಲಿಲ್ಲ. ನಾನೇ ಬಿಟ್ಟೆ."

"ಏನು?"

"ಆ ಎಳೆ. ಬೇಕಂತ್ಲೇ ಬಿಟ್ಟೆ."

ತಂಗಿ ರಸ್ತೆಯ ನಟ್ಟನಡುವೆ ನಿಂತುಬಿಟ್ಟಳು. ಒಂದು ವ್ಯಾನು ಹಾರ್ನ್ ಹೊಡೆಯಿತು. "ಕೂಸನ್ನ ಇಟ್ಕೊಂಡು ಹೀಗಾ ನಿಲ್ಲೋದು?" ಎಂದು ಡ್ರೈವರು ಕೂಗಿದ.

"ಕೂಸಲ್ಲ ಕಣಯ್ಯಾ, ನಮ್ಮ ತಮ್ಮ!" ಎಂದು ತಂಗಿ ತಿರುಗಿ ಕೂಗಿದಳು. ಡ್ರೈವರಿಗೆ ಏನರ್ಥವಾಯಿತೋ. ಗಾಡಿಯನ್ನು ರಸ್ತೆಯಾಚೆಗೆ ದಬ್ಬಿ, ಅಕ್ಕನ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು.

"ಯಾಕೆ?"

"ಹಾಲು ಬಂತಲ್ಲ... ಸತ್ತುಹೋದ್ರೆ ಅಂತ ಭಯ ಆಯ್ತು. ತಮ್ಮನಿಗೋಸ್ಕರ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ?"

ಅಕ್ಕ ಮುಚ್ಚಿಗೆಯ ಬಟ್ಟೆ ಸರಿಮಾಡಿದಳು, ಅದು ಸರಿಯಾಗೇ ಇದ್ದರೂ. "ಇವತ್ತು ಆ ಹಸಿರು ಪಟ್ಟಿ ಕಂಡಾಗ ಒಂದು ಕ್ಷಣ ಸಂತೋಷ ಆಯ್ತು ಕಣೇ. ಬೇರು ಬರಲಿಲ್ಲ, ಇನ್ನು ಕತ್ತರಿಸೋ ಹಾಗಿಲ್ಲ ಅಂತ. ಆ ಸಂತೋಷ ಕಂಡೇ ನಂಗೆ ನಾಚಿಕೆ ಆಗಿದ್ದು. ನೀನು ಬೇರೆ ನನ್ನ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಂಡೆ."

ತಂಗಿ ಗಾಡಿ ತಳ್ಳಿಕೊಂಡು ಮುಂದೆ ನಡೆದಳು. ಮೂರು ದಿನದ ಮೌನ ಮತ್ತೆ ಶುರುವಾಯಿತೆಂದು ಅಕ್ಕ ಎದೆ ಗಟ್ಟಿಮಾಡಿಕೊಂಡಳು. ಗಾಡಿ ಕಿರ್ ಕಿರ್ ಎನ್ನುತ್ತ ಎರಡು ಬೀದಿ ದಾಟಿತು. ಅಂಗಡಿಯ ಬಾಗಿಲ ಬೀಗ ತೆಗೆಯುವಾಗ ತಂಗಿ ಕೇಳಿದಳು:

"ಗಡಿಯಾರ ತೊಳೆಯುವಾಗ ನಿಲ್ಲಿಸ್ತೀಯೋ ಇಲ್ವೋ?"

"ನಿಲ್ಲಿಸ್ತೀನಿ."

"ನಿಂತು ಹೋಯ್ತು, ಸತ್ತು ಹೋಯ್ತು ಅಂತ ಅಳ್ತೀಯಾ?"

"ಇಲ್ಲ."

"ಅರ್ಧ ಬಿಚ್ಚಿ, ಅಯ್ಯೋ ಪಾಪ ಅಂತ ಅರ್ಧ ಹಾಗೇ ಬಿಟ್ಟು ಗಿರಾಕಿಗೆ ಕೊಡ್ತೀಯಾ?"

"ಅಪ್ಪ ಎದ್ದು ಬಂದು ತಲೆ ಮೇಲೆ ಮೊಟಕ್ತಾನೆ."

"ನಾನೂ ಮೊಟಕಬೇಕು ಅಂತಿದೀನಿ," ಅಂದಳು ತಂಗಿ, ಮತ್ತು ನಿಜವಾಗಿಯೂ ಬೆರಳ ಗೆಣ್ಣಿನಿಂದ ಅಕ್ಕನ ನಡುನೆತ್ತಿಗೆ ಒಂದು ಮೊಟಕಿದಳು. ನೋವಾಯಿತು. ನೋವಾದದ್ದು ಅಕ್ಕನಿಗೆ ಎಷ್ಟು ಹಿತವಾಯಿತೆಂದರೆ, ಇನ್ನೊಂದು ಕೇಳೋಣವೇ ಅನ್ನಿಸಿತು.

ಅವತ್ತೇ ಮತ್ತೆ ಮೇಜು ಖಾಲಿ ಮಾಡಿದರು. "ಈ ಸಲ ನಾನು ಕತ್ತರಿಸ್ಲಾ?" ಎಂದು ತಂಗಿ ಕೇಳಿದಾಗ ಅಕ್ಕ, "ಬೇಡ, ಬಿಟ್ಟವಳೇ ತೆಗೀಬೇಕು," ಅಂದಳು. ಭೂತಗನ್ನಡಿ ಸಿಕ್ಕಿಸಿಕೊಂಡಳು. ಹಸಿರು ಸೇತುವೆಯ ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಒಂದು ಉದ್ದ ಗೆರೆ. ಹಾಲು ಬಂತು. ಬರಲಿ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ತೊಗಟೆ ಒದ್ದೆ ಚರ್ಮದ ಹಾಗೆ ಸುಲಿದು ಬಂತು. ಅದರಡಿಯ ಜಾರುವ ಹಸಿರು ಪದರವನ್ನೂ ಬಿಡದೆ, ಕೆನೆಬಣ್ಣದ ಕಟ್ಟಿಗೆ ಕಾಣುವ ತನಕ ಕೆರೆದಳು.

"ತಡಿ, ನಾನು ಪರೀಕ್ಷೆ ಮಾಡ್ತೀನಿ," ಎಂದು ತಂಗಿ ತನ್ನ ಚೀಲದಿಂದ ಕಪ್ಪು ನೂಲು ತೆಗೆದಳು. ಬಳೆಯ ಸುತ್ತ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು, ಹಿಂದಕ್ಕೆ ಮುಂದಕ್ಕೆ ಎಳೆದಳು. ನೂಲು ಎಲ್ಲೂ ಸಿಕ್ಕದೆ ಸರಸರ ಜಾರಿತು. "ಈಗ ಹೊಲಿಗೆ ಸರಿಯಾಯ್ತು," ಅಂದಳು.

ಪಾಚಿ ಸುತ್ತಿ ಕಟ್ಟುವಾಗ ದಾರದ ಗಂಟಿನ ಮೇಲೆ ಒಬ್ಬಳು ಬೆರಳಿಟ್ಟಳು, ಇನ್ನೊಬ್ಬಳು ಬಿಗಿದಳು.

ಮೂರು ವಾರ ಮೂರು ದಿನದ ಹಾಗೆ ಓಡಿದವು. ಸಾಮಾನು ಲಾರಿಯೇರಿತು, ಗಂಡ ಹೆಂಡತಿ ರೈಲೇರಿದರು. ತಮ್ಮ ಅಂಗಡಿಯಲ್ಲಿ ಉಳಿದ. ಬೇರು ಬಂದ ದಿನ ತಂಗಿ ಬಂದು ಮೇಲಿನದನ್ನು ಒಯ್ಯುವುದೆಂದು ಮಾತಾಗಿತ್ತು. ಬರದಿದ್ದರೆ? ಆ ಮಾತನ್ನು ಇಬ್ಬರೂ ಆಡಲಿಲ್ಲ.

ಭಾನುವಾರ ಹತ್ತಕ್ಕೆ ಗಾಡಿಯ ಬದಲು ಈಗ ಫೋನು.

"ಬಂತಾ?"

"ಇಲ್ಲ. ನಿಮ್ಮ ರಾಜ ಹೇಗಿದಾನೆ?"

"ಹೊಟ್ಟೆ ಬೆಳೆಸ್ಕೊಂಡಿದಾನೆ. ಮೂರನೇ ಸಲ ಅಂಗಿ ಬಿಚ್ಚಿ ಹೊಲಿದೆ. ಎಲ್ಲ ನನ್ನ ಗಂಡನ ಬ್ರೆಡ್ಡಿನ ಪ್ರಭಾವ. ಬಿಚ್ಚಿ ನೋಡ್ಬೇಡ ಮತ್ತೆ!"

"ನೋಡಲ್ಲ."

ನೋಡದಿರುವುದು ಸುಲಭವಿರಲಿಲ್ಲ. ಏನನ್ನು ಕೊಟ್ಟರೂ ಹಿಂಬದಿ ಬಿಚ್ಚಿ ಒಳಗೆ ಇಣುಕುವುದೇ ಅವಳ ಕಸುಬು. ಬಿಚ್ಚದೆ ಕಾಯುವುದನ್ನು ಯಾರೂ ಕಲಿಸಿರಲಿಲ್ಲ. ಈ ಸಲ ಎಲೆಗಳೂ ಹೆದರಿಸಿದವು. ನಾಲ್ಕನೇ ವಾರ ಮೂರು ಎಲೆ ಹಳದಿಯಾಗಿ ಬಿದ್ದವು. ಅಕ್ಕ ಅವನ್ನು ಗಡಿಯಾರದ ಡಬ್ಬಿಯಲ್ಲಿಟ್ಟು, ಫೋನಿನಲ್ಲಿ ಮುಚ್ಚಿಡದೆ ಹೇಳಿದಳು. ಐದನೇ ವಾರ ಏನೂ ಇಲ್ಲ. ಕಿಟಕಿಯ ಹತ್ತಿರ ಯಾರೂ ತುಳಿಯದ ಹೊಲಿಗೆ ಯಂತ್ರ ಬೆಳಗಿನ ಬಿಸಿಲನ್ನೆಲ್ಲ ತಾನೇ ಕಾಯಿಸಿಕೊಳ್ಳುತ್ತಿತ್ತು. ತಮ್ಮ ಒಳಗೆ, ಅರೆಗತ್ತಲಲ್ಲಿ, ಮೇಜಿನ ಮೂಲೆಯಲ್ಲಿದ್ದ.

ಅದನ್ನು ಒಂದು ಸೋಮವಾರ ಅಕ್ಕ ಕಣ್ಣಾರೆ ಕಂಡಳು. ದಿನವೂ ಕಾಣುತ್ತಿದ್ದದ್ದೇ, ಆದರೆ ಆ ಸೋಮವಾರ ಕಂಡಳು. ಸರಕು ಸಾಗಿಸುವವನನ್ನು ಕರೆಸಿದಳು. ಯಂತ್ರಕ್ಕೆ ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ, ಹಳೇ ಕಂಬಳಿ ಸುತ್ತಿ, ಎಂಟು ಗಂಟೆಯ ದೂರದ ಊರಿಗೆ ವಿಳಾಸ ಬರೆದಳು. ಖಾಲಿಯಾದ ಜಾಗದಲ್ಲಿ ತಮ್ಮನನ್ನು ಕೂರಿಸಿದಳು.

ಏಳನೇ ವಾರದ ಶನಿವಾರ ಬೆಳಗಿನ ಬಿಸಿಲು ಪ್ಲಾಸ್ಟಿಕ್ ಹಾಳೆಯನ್ನು ಹಾದು ಬಂದಾಗ ಪಾಚಿಯೊಳಗೆ ಏನೋ ಬೆಳ್ಳಗೆ ಹೊಳೆಯಿತು. ಅಕ್ಕ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದಳು. ಗಡಿಯಾರದ ಸೆಕೆಂಡು ಮುಳ್ಳಿನಷ್ಟು ತೆಳ್ಳಗಿನ ಒಂದು ಬೇರು, ಹಾಳೆಗೆ ಮೂಗು ಒತ್ತಿ ಹೊರಗೆ ನೋಡುತ್ತಿತ್ತು. ಅದರ ಪಕ್ಕ ಇನ್ನೊಂದು. ಅದರಾಚೆ ನಾಲ್ಕು. ಭಾನುವಾರದ ಹತ್ತು ಗಂಟೆಗೆ ಕಾಯದೆ ಫೋನು ಮಾಡಿದ್ದು ತಂಗಿ ಹೋದ ಮೇಲೆ ಅದೇ ಮೊದಲು.

"ಬಂತು," ಅಂದಳು.

ಆ ತುದಿಯಲ್ಲಿ ಏನೋ ಧಡ್ಡೆಂದು ಬಿತ್ತು. "ಮಾಟಗಾತಿ ಬಿದ್ಲು," ಅಂದಳು ತಂಗಿ, "ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತಗೋತಿದ್ದೆ. ಬಿಡು, ಎದ್ದೇಳ್ತಾಳೆ. ಎಷ್ಟು ಬೇರು?"

ಇನ್ನೆರಡು ವಾರ ಬಲಿಯಲು ಬಿಟ್ಟರು. ತಂಗಿ ನೀಲಿ ಕುಂಡ ಹೊತ್ತು ಬಂದಳು. ಮಣ್ಣಜ್ಜ ಸಣ್ಣ ಗರಗಸ ಹಿಡಿದು ಬಂದವನು ಅದನ್ನು ಇಬ್ಬರ ಮುಂದೆಯೂ ಚಾಚಿದ. ಅಕ್ಕ ತಂಗಿಯತ್ತ ನೋಡಿದಳು. "ನಿನ್ನ ಕೆಲಸ ಈಗ. ಕತ್ತರಿ ನೀನು ತಾನೆ." ತಂಗಿ ಗರಗಸ ಹಿಡಿದಳು, ಅಕ್ಕ ಕುಂಡ ಹಿಡಿದಳು. ಹನ್ನೆರಡು ಎಳೆತಕ್ಕೆ ತಮ್ಮ ಇಬ್ಬರಾದ.

ಮೇಲಿನದು, ಬಾಗಿಲಿಗೆ ಕೈ ಚಾಚಿದ ಕೊಂಬೆಯೊಂದಿಗೆ, ಎಲೆಗಳೊಂದಿಗೆ, ನೀಲಿ ಕುಂಡದಲ್ಲಿ ಕೂತಿತು. ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ. ಕೆಳಗಿನದು ಒಂದೂ ಎಲೆಯಿಲ್ಲದ ಮೋಟು. ಬೇರು, ತಂತಿಯ ಕಲೆ, ಮೇಲೆ ಚಪ್ಪಟೆ ತಲೆ, ಅಷ್ಟೇ.

ತಂಗಿ ಅದನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಳು. "ಅಕ್ಕಾ, ಚೆನ್ನಾಗಿರೋದೆಲ್ಲ ನಂಗೆ ಬಂತು. ನಿಂಗೆ ಬರೀ ಮೋಟು."

"ಅಪ್ಪನ ಮರೆವು ನನ್ನ ಪಾಲಿಗೆ ಬಂತಲ್ಲ, ಅದೇನು ಕಮ್ಮಿನಾ? ಚಿಗುರುತ್ತಾ ಅಜ್ಜ?"

"ಬೇರು ಹಳೇದು, ಹಸಿವು ಹೊಸದು," ಅಂದ ಮಣ್ಣಜ್ಜ. "ಚಿಗುರದೆ ಏನು ಮಾಡುತ್ತೆ?"

ಆಗ ತಂಗಿಯ ಕಣ್ಣು ಕಿಟಕಿಯ ಕಡೆ ಹೋಯಿತು. "ನನ್ನ ಯಂತ್ರ ಎಲ್ಲಿ?"

"ನಿನ್ನ ನಾಟಕದ ಕಂಪನಿಗೆ ಕಳಿಸಿ ಮೂರು ವಾರ ಆಯ್ತು. ತಲುಪಿಲ್ವಾ?"

"ನಾಟಕದವರ ಗೋದಾಮಿಗೆ ಏನೋ ಕಂಬಳಿ ಸುತ್ತಿದ ಗಂಟು ಬಂದಿದೆ ಅಂತಿದ್ರು. ರಂಗದ ಸಾಮಾನು ಇರಬೇಕು ಅಂದ್ಕೊಂಡು ಬಿಚ್ಚೇ ಇಲ್ಲ." ತಂಗಿ ಅಕ್ಕನ ಮುಖವನ್ನೇ ನೋಡಿದಳು. "ಹಾಗಾದ್ರೆ ಸರಿಹೋಗದಿದ್ರೆ ಬಂದು ತುಳಿಯೋದು ಏನನ್ನ?"

"ನನ್ನ ತಲೆಯನ್ನ," ಅಂದಳು ಅಕ್ಕ. "ಸರಿಹೋಗುತ್ತೆ ಬಿಡು. ನೋಡೋಕೆ ಮಾತ್ರ ಬಾ."

ತಂಗಿ ರೈಲಿನಲ್ಲಿ ನೀಲಿ ಕುಂಡವನ್ನು ಎಂಟು ಗಂಟೆಯೂ ತೊಡೆಯ ಮೇಲಿಟ್ಟುಕೊಂಡು ಹೋದಳು. ಈಗ ಅದು ಬಟ್ಟೆ ಕೋಣೆಯ ಬಾಗಿಲ ಬಳಿ ನಿಂತಿದೆ. ಅಳತೆ ಕೊಡಲು ಬರುವ ರಾಜರಿಗೂ ಕಳ್ಳರಿಗೂ ಸಮನಾಗಿ ಬನ್ನಿ ಅನ್ನುತ್ತದೆ.

ಮೋಟು ಒಂದು ವಾರ ಸುಮ್ಮನಿತ್ತು. ಎರಡು ವಾರ ಸುಮ್ಮನಿತ್ತು. ಅಕ್ಕ ದಿನವೂ ಕಿಟಕಿಯಲ್ಲಿ ಅದನ್ನು ಕಾಲು ಸುತ್ತು ತಿರುಗಿಸಿ, ನೀರು ಚಿಮುಕಿಸಿ, ತನ್ನ ಕೆಲಸಕ್ಕೆ ಕೂರುತ್ತಿದ್ದಳು. ಕೆರೆದು ನೋಡಲಿಲ್ಲ, ಅಲುಗಿಸಿ ನೋಡಲಿಲ್ಲ. ಕಾಯುವುದೂ ಒಂದು ಕಸುಬು, ಕಲಿತರೆ ಬರುತ್ತದೆ. ಮೂರನೇ ವಾರದ ಭಾನುವಾರ, ಹತ್ತಕ್ಕೆ ಐದು ನಿಮಿಷವಿದ್ದಾಗ, ಅಪ್ಪ ತಂತಿ ಬಿಚ್ಚಲು ಮರೆತ ಸುರುಳಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಏನೋ ಕೆಂಪಗೆ ಮೂಡಿದ್ದು ಕಂಡಿತು. ಭೂತಗನ್ನಡಿ ಬೇಕಾಗಲಿಲ್ಲ.

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಕ್ಕು, ಒಬ್ಬಳು ಹೇಳಿದ್ದು ಇನ್ನೊಬ್ಬಳಿಗೆ ಕೇಳಿಸದೆ, ಕಡೆಗೆ ರಾಜನ ಅಂಗಿಯ ಗುಂಡಿ ಮತ್ತೆ ಹಾರಿದೆಯೆಂದು ತಂಗಿ ಓಡಿದಳು.

ಅಕ್ಕ ಹೊರಗೆ ನೋಡಿದಳು. ಹಗುರ ಬಿಸಿಲು. ಮೂಲೆಯಲ್ಲಿ ಗಾಡಿ ಖಾಲಿ ನಿಂತಿತ್ತು. ಹೋಗಬೇಕಾದ ಮನೆಯಿಲ್ಲ, ನಿಜ. ಆದರೆ ಬೀದಿ ಇದೆಯಲ್ಲ. ಕಿರ್ ಎನ್ನುವ ಚಕ್ರಕ್ಕೆ ಗಡಿಯಾರದ ಎಣ್ಣೆ ಎರಡು ಹನಿ ಬಿಟ್ಟು, ಮೋಟನ್ನು ಕೂರಿಸಿ, ಮುಚ್ಚಿಗೆ ಇಳಿಸಿ ಹೊರಟಳು. ತಿರುವಿನಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ನಿಂತಳು, ಬೀದಿಗೆ ಹೊಸಬಳಿರಬೇಕು.

"ಅಯ್ಯೋ, ಮಲಗಿದ್ಯಾ? ಎಷ್ಟು ತಿಂಗಳು?"

ಅಕ್ಕ ಬಾಯಿ ತೆರೆದಳು. ನಲವತ್ತೆರಡು ವರ್ಷ ಎಂಬ ಉತ್ತರ ನಾಲಿಗೆಯ ತುದಿಯವರೆಗೆ ಬಂದು, ಯಾಕೋ ತಿರುಗಿ ಹೋಯಿತು.

"ಇವತ್ತು ಬೆಳಗ್ಗೆ ಹುಟ್ಟಿದ್ದು," ಅಂದಳು, ಮತ್ತು ಈ ಸಲ ಮುಖದ ಗೆರೆಗಳನ್ನು ಹಿಡಿದಿಡಲಾಗಲಿಲ್ಲ.